256 ಖಾನೆಗಳ ಭಂಡಾರ

ಬೆಳಿಗ್ಗೆ ಕಳಿಸಿದ ಪುಟ ಹೋಗಿತ್ತು. ಸಂಜೆ ಕಳಿಸಿದ್ದು ಹೋಗಲಿಲ್ಲ. ಅದೇ ಪುಟಕ್ಕೆ ಒಂದು ಅಲ್ಪವಿರಾಮ ಸೇರಿಸಿ, ಹಿಂದಿನ ಕಮಿಟ್ ಅಳಿಸಿ, ಹೊಸದಾಗಿ ಕಮಿಟ್ ಮಾಡಿ ಕಳಿಸಿದರೆ ಹೋಯಿತು. ಗುರುವಾಯನಕೆರೆಯ ಒಂದು ಮಹಡಿಯ ಕೋಣೆಯಲ್ಲಿ ನಾವು ನಾಲ್ವರು ಒಂದು ವಾರ ಈ ಒಗಟನ್ನು ಸುತ್ತುತ್ತಿದ್ದೆವು. ನಮ್ಮಲ್ಲಿ ಹಿರಿಯರಾದ ಮಾಷ್ಟ್ರು ಕೇಳಿದ ಪ್ರಶ್ನೆ ಸರಳವಾಗಿತ್ತು: "ಅಲ್ಲ ಮಾರಾಯ್ರೆ, ಅಲ್ಪವಿರಾಮ ಹಾಕಿದರೆ ಬಾಗಿಲು ತೆಗೀತದಾ?"

ತೆಗೆಯುತ್ತದೆ. ಯಾಕೆ ಎಂದು ತಿಳಿದ ದಿನ ನನಗಾದ ಸಂತೋಷವನ್ನು ಓದುಗರಿಗೂ ದಾಟಿಸಬೇಕೆಂದು ಈ ಅಧ್ಯಾಯ ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನೆಂದು ಹೇಳಬೇಕು. ನಮ್ಮ ಕಡೆ ಯಕ್ಷಗಾನದ ಪ್ರಸಂಗಗಳನ್ನು ಕೈಯಲ್ಲಿ ಬರೆದಿಟ್ಟುಕೊಂಡ ಪುಸ್ತಕಗಳು ಹಲವು ಮನೆಗಳಲ್ಲಿವೆ. ಒಂದೇ ಪ್ರಸಂಗಕ್ಕೆ ಒಂದು ಮನೆಯಲ್ಲಿ ಒಂದು ಪಾಠ, ಇನ್ನೊಂದು ಮನೆಯಲ್ಲಿ ಇನ್ನೊಂದು. ಪದದ ಮೇಲೆ ಬರೆದ ರಾಗ, ತಾಳವೂ ಬೇರೆ. ಕಾಗದ ಒದ್ದೆಯಾಗುವ ಮೊದಲು, ಹುಳ ತಿನ್ನುವ ಮೊದಲು ಅವನ್ನು ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿಡೋಣ ಎಂದು ಹೊರಟೆವು. ಒಬ್ಬೊಬ್ಬರು ತಂತಮ್ಮ ಮನೆಯಲ್ಲಿ ಕೂತು ಟೈಪ್ ಮಾಡುವುದು, ಎಲ್ಲವೂ ಒಂದೇ ಕಡೆ ಸೇರುವುದು, ಯಾರು ಯಾವಾಗ ಏನು ತಿದ್ದಿದರು ಎಂಬುದು ಉಳಿಯುವುದು: ಇಷ್ಟು ಸಾಕಿತ್ತು. ತಂತ್ರಾಂಶ ಬರೆಯುವವರು ಇದೇ ಅಗತ್ಯಕ್ಕೆ ದಿನವೂ ಬಳಸುವ ಸಾಧನ ಗಿಟ್. ಹಾಗಾಗಿ ಹಳೆಯ ಕಂಪ್ಯೂಟರ್ ಒಂದಕ್ಕೆ ಲಿನಕ್ಸ್ ಹಾಕಿ, ನಾಲ್ವರಿಗೂ ಬೇರೆ ಬೇರೆ ಖಾತೆ ತೆರೆದು, ಅದರಲ್ಲಿ ಎಲ್ಲರಿಗೂ ಸೇರಿದ ಒಂದು ರೆಪಾಸಿಟರಿ ಮಾಡಿದೆವು.

ರೆಪಾಸಿಟರಿಗೆ ಕನ್ನಡದಲ್ಲಿ ಏನನ್ನಬೇಕು ಎಂದು ನಾನು ತುಂಬ ಯೋಚಿಸಬೇಕಾಗಲಿಲ್ಲ. ಗುರುವಾಯನಕೆರೆಯಲ್ಲಿ ಬಸ್ಸು ಹತ್ತಿ ವೇಣೂರಿನ ಮೇಲೆ ಹೋದರೆ ಮೂಡುಬಿದಿರೆ. ಅಲ್ಲಿನ ಬಸದಿಗಳಲ್ಲಿ ಓಲೆಗರಿಯ ಗ್ರಂಥಗಳನ್ನು ಇಟ್ಟ ಜಾಗಕ್ಕೆ ಜನ ಶತಮಾನಗಳಿಂದ ಕರೆಯುವ ಹೆಸರು ಶಾಸ್ತ್ರಭಂಡಾರ. ಭಂಡಾರ ಎಂದರೆ ಬರೀ ಗೋದಾಮಲ್ಲ. ಏನಿದೆ, ಯಾರ ಕಾಲದ್ದು, ಯಾವುದರ ಪ್ರತಿ ಎಂಬ ಲೆಕ್ಕ ಇರುವ ಜಾಗ. ಗಿಟ್ ಮಾಡುವುದು ಅದನ್ನೇ. ಆದ್ದರಿಂದ ಗಿಟ್‌ನ ಒಳಗೆ ಹೋಗುವ ಮುನ್ನ ಮೂಡುಬಿದಿರೆಯ ಒಂದು ಕತೆ ಹೇಳಲೇಬೇಕು. ನನ್ನ ಮಟ್ಟಿಗೆ, ಪ್ರತಿ ಮಾಡುವುದು ಎಂದರೇನು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಲೋಕದಲ್ಲೇ ಕಡಿಮೆ.

ದಿಗಂಬರ ಜೈನರ ಅತಿ ಪೂಜ್ಯ ಆಗಮ ಷಟ್ಖಂಡಾಗಮ. ಅದಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಎಂಬ ವ್ಯಾಖ್ಯಾನ ಮುಗಿದದ್ದು ಕ್ರಿಸ್ತಶಕ 816ರಲ್ಲಿ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು. ಧವಲಾ, ಜಯಧವಲಾ, ಮಹಾಧವಲಾ ಎಂದು ಹೆಸರಾದ ಈ ಗ್ರಂಥಗಳ ಓಲೆಪ್ರತಿಗಳು ಉಳಿದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ. ಯಾತ್ರಿಕರು ಬಂದು ಗ್ರಂಥದ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಓದುವವರು ಇರಲಿಲ್ಲ. ಕಾಪಾಡಿದ ಊರಿನ ಋಣ ದೊಡ್ಡದು. ಆದರೆ ಒಂದೇ ಕಡೆ ಇರುವ ಗ್ರಂಥಕ್ಕೆ ಒಂದು ಗೆದ್ದಲಿನ ಸಾಲು ಸಾಕು.

ಮುಂಬಯಿ, ಸೊಲ್ಲಾಪುರದ ಶ್ರಾವಕರ ಒತ್ತಾಯದಿಂದ ನಕಲು ಮಾಡುವ ಕೆಲಸ 1896ರಲ್ಲಿ ಶುರುವಾಗಿ 1922ರವರೆಗೆ, 26 ವರ್ಷ ನಡೆಯಿತು. ನಕಲು ಮಾಡಿದರೂ ಅದು ಊರು ಬಿಟ್ಟು ಹೊರಗೆ ಹೋಗಬಾರದು ಎಂಬುದು ಭಂಡಾರದವರ ನಿಲುವು. ಆದರೆ ಲಿಪಿಕಾರರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು, ವಿದುಷಿಯಾಗಿದ್ದ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಗುಟ್ಟಾಗಿ ಮಾಡಿಕೊಂಡರು. ಆ ಪ್ರತಿ ಉತ್ತರದ ಸಹಾರನಪುರಕ್ಕೆ ಹೋಯಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳು ತಮಗೂ ಒಂದು ಪ್ರತಿ ಉಳಿಸಿಕೊಂಡರು. ಅದರಿಂದ ಆರಾ, ಕಾರಂಜಾ, ಅಮರಾವತಿ ಎಂದು ಪ್ರತಿಗಳು ಹಬ್ಬಿದವು. ಹೀರಾಲಾಲ್ ಜೈನ್ ಅವರು 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚು ಹಾಕಿಸಿದ್ದು ಹೀಗೆ ಹಬ್ಬಿದ ನಕಲುಗಳ ನಕಲುಗಳಿಂದ. ಮುಂದೆ ಅದು 16 ಸಂಪುಟಗಳಾಯಿತು.

ಇಲ್ಲಿಂದ ಮುಂದಿನದು ನಮಗೆ ಬೇಕಾದ ಘಟ್ಟ. ಮೊದಲ ಸಂಪುಟದ 93ನೆಯ ಸೂತ್ರದಲ್ಲಿ ಏನೋ ಒಂದು ಪದ ಬಿಟ್ಟುಹೋದಂತಿದೆ ಎಂದು ಸಂಪಾದಕರಿಗೆ ಅನ್ನಿಸಿತು. ಕೈಯಲ್ಲಿದ್ದ ಪ್ರತಿಗಳಲ್ಲಿ ಆ ಪದವಿಲ್ಲ. ಅವರು ಅದನ್ನು ಮೂಲದೊಳಗೆ ತುರುಕಲಿಲ್ಲ. ಇಲ್ಲಿ 'ಸಂಜದ' ಎಂಬ ಪಾಠ ಉಳಿದಿರುವಂತೆ ತೋರುತ್ತದೆ ಎಂದು ಅಡಿಟಿಪ್ಪಣಿ ಹಾಕಿದರು. ಮೂರಕ್ಷರದ ಪದ. ಸಂಜದ ಎಂದರೆ ಸಂಯತ, ಸಂಯಮ ತಳೆದ ಸ್ಥಿತಿ. ಸೂತ್ರ ಹೇಳುತ್ತಿರುವುದು ಮನುಷ್ಯಸ್ತ್ರೀಯ ವಿಚಾರ. ಆ ಪದ ಇದೆಯೋ ಇಲ್ಲವೋ ಎಂಬುದರ ಮೇಲೆ ಸಿದ್ಧಾಂತವೇ ಹೊರಳುವುದರಿಂದ ವಿದ್ವಾಂಸರಲ್ಲಿ ದೊಡ್ಡ ವಾದ ಎದ್ದಿತು. ಕೊನೆಗೆ ಮೂಡುಬಿದಿರೆಯ ಓಲೆಗರಿ ತೆಗೆದು ಓದಿದಾಗ ಪದ ಅಲ್ಲಿತ್ತು. ಅದರ ಹಿಂದಿನ ಪದ ನೋಡಿ: ಸಂಜದಾಸಂಜದ. ಅದು ಮುಗಿಯುವುದೇ 'ಸಂಜದ' ಎಂದು, ಅದರ ಬೆನ್ನಿಗೇ ಮತ್ತೊಂದು 'ಸಂಜದ'. ನಕಲು ಮಾಡುವವರ ಕಣ್ಣು ಓಲೆಯಿಂದ ಕಾಗದಕ್ಕೆ ಹೋಗಿ ಮರಳುವಾಗ ಮೊದಲನೆಯದರ ಮೇಲೆ ಕೂರುವ ಬದಲು ಎರಡನೆಯದರ ಮೇಲೆ ಕೂತಿರಬೇಕು. ಕೈಬರಹದ ಲೋಕದಲ್ಲಿ ಇದು ತೀರಾ ಸಾಮಾನ್ಯ ಜಾರು.

ಆ ಕಾಲದವರಿಗೆ ಈ ಅಪಾಯ ಗೊತ್ತಿರಲಿಲ್ಲವೆಂದಲ್ಲ. ಗ್ರಂಥದ ಕೊನೆಗೆ ಗ್ರಂಥಾಗ್ರ ಎಂದು ಬರೆಯುವ ಪದ್ಧತಿ ಇತ್ತು. 32 ಅಕ್ಷರಕ್ಕೆ ಒಂದು ಎಂದು ಎಣಿಸಿದ ಲೆಕ್ಕ. ಧವಲಾಕ್ಕೆ 72,000, ಜಯಧವಲಾಕ್ಕೆ 60,000 ಎಂಬ ಸಂಖ್ಯೆಗಳು ಪರಂಪರೆಯಲ್ಲಿ ಬಂದದ್ದು ಹೀಗೆ. ನಕಲುಗಾರನ ಕೂಲಿಗೂ ಅದೇ ಲೆಕ್ಕ, ನಕಲು ಪೂರ್ತಿ ಇದೆಯೇ ಎಂದು ನೋಡಲೂ ಅದೇ ಲೆಕ್ಕ. ಒಂದು ಕಟ್ಟು ಗರಿ ಕಳೆದುಹೋಗಿದ್ದರೆ ಇದರಿಂದ ತಿಳಿದೀತು. ಮೂರಕ್ಷರ ಬಿಟ್ಟುಹೋದದ್ದು ತಿಳಿಯದು. 72,000ದ ಸುಂದರ ಸಂಖ್ಯೆಯಲ್ಲಿ ಮೂರಕ್ಷರಕ್ಕೆ ಜಾಗವೇ ಇಲ್ಲ.

ಮೂರಕ್ಷರವನ್ನೂ ಬಿಡದೆ ಹಿಡಿಯುವ ಗ್ರಂಥಾಗ್ರ ಒಂದಿದ್ದರೆ?

ಅದೇ ಹ್ಯಾಶ್. ಗಿಟ್ ಬಳಸುವ ಹ್ಯಾಶ್ ಸೂತ್ರದ ಹೆಸರು ಶಾ-1. ಅದಕ್ಕೆ ಒಂದು ಪದ ಕೊಡಿ, ಇಡೀ ಧವಲಾ ಕೊಡಿ, ಹೊರಬರುವುದು ಯಾವಾಗಲೂ 160 ಬಿಟ್‌ಗಳ ಒಂದು ಸಂಖ್ಯೆ. ಬರೆದಾಗ 40 ಅಂಕಿ. ಇಲ್ಲಿ ಅಂಕಿ ಎಂದರೆ ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು, ಜೊತೆಗೆ ಆರು ಇಂಗ್ಲಿಷ್ ಅಕ್ಷರ, ಒಟ್ಟು 16 ಗುರುತುಗಳು. ಅದೇ ಪಠ್ಯಕ್ಕೆ ಯಾರು ಎಲ್ಲಿ ಲೆಕ್ಕ ಹಾಕಿದರೂ ಅದೇ ಸಂಖ್ಯೆ. ಒಂದು ಅಲ್ಪವಿರಾಮ ಬದಲಾದರೆ ಸುಮಾರು ಅರ್ಧದಷ್ಟು ಬಿಟ್‌ಗಳು ಬದಲಾಗಿ, ಹಳೆಯದಕ್ಕೆ ನಂಟೇ ಕಾಣದ ಹೊಸ ಸಂಖ್ಯೆ ಬರುತ್ತದೆ. 2017ರ ಫೆಬ್ರುವರಿಯಲ್ಲಿ ನೆದರ್‌ಲ್ಯಾಂಡ್ಸಿನ ಗಣಿತ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ಅಪಾರ ಲೆಕ್ಕ ಹಾಕಿ, ಒಂದೇ ಶಾ-1 ಬರುವ ಎರಡು ಬೇರೆ ಬೇರೆ ಕಡತಗಳನ್ನು ಬೇಕೆಂದೇ ತಯಾರಿಸಿ ತೋರಿಸಿದರು. ಆಮೇಲೆ ಗಿಟ್‌ನಲ್ಲಿ ಅಂಥ ಮೋಸದ ಕಡತ ಗುರುತಿಸುವ ವ್ಯವಸ್ಥೆ ಸೇರಿತು. ತಾನಾಗಿ, ಅಕಸ್ಮಾತ್ತಾಗಿ ಹಾಗಾಗುವ ಭಯ ನಮ್ಮಂಥವರಿಗೆ ಬೇಡ.

ಗಿಟ್‌ನ ಒಳಗೆ ಪ್ರತಿಯೊಂದು ವಸ್ತುವಿನ ಹೆಸರೂ ಅದರ ಹ್ಯಾಶ್ ಆಗಿರುತ್ತದೆ. ಹೆಸರಿಡುವವರು ನಾವಲ್ಲ, ಒಳಗಿರುವ ಪಠ್ಯವೇ ತನ್ನ ಹೆಸರನ್ನು ತಂದುಕೊಳ್ಳುತ್ತದೆ. ನಾವು ಒಂದು ಪುಟ ತಿದ್ದಿ ಕಮಿಟ್ ಮಾಡಿದರೆ, ಅಂದರೆ ಆ ತಿದ್ದುಪಡಿಯನ್ನು ದಾಖಲಿಸಿದರೆ, ಕನಿಷ್ಠ ಮೂರು ವಸ್ತು ಹುಟ್ಟುತ್ತವೆ. ತಿದ್ದಿದ ಪಠ್ಯ ಒಂದು. ಯಾವ ಕಡತಕ್ಕೆ ಯಾವ ಪಠ್ಯ ಎಂಬ ಪಟ್ಟಿ ಎರಡನೆಯದು. ಯಾರು, ಯಾವಾಗ, ಯಾಕೆ ಮಾಡಿದರು, ಇದಕ್ಕೆ ಹಿಂದಿನ ಕಮಿಟ್ ಯಾವುದು ಎಂಬ ಚೀಟಿ ಮೂರನೆಯದು. ಹಿಂದಿನ ಕಮಿಟ್‌ನ ಹ್ಯಾಶ್ ಈ ಚೀಟಿಯೊಳಗೇ ಬರೆದಿರುವುದರಿಂದ, ಹಳೆಯದರಲ್ಲಿ ಎಲ್ಲೋ ಒಂದಕ್ಷರ ಬದಲಿಸಿದರೂ ಅದರ ಮುಂದಿನ ತಲೆಮಾರುಗಳ ಹೆಸರೆಲ್ಲ ಬದಲಾಗಬೇಕು. ಹೀಗೆ ಹ್ಯಾಶ್‌ಗೆ ಹ್ಯಾಶ್ ಕಟ್ಟುವ ಯೋಚನೆ ರಾಲ್ಫ್ ಮರ್ಕಲ್ ಅವರದು, 1979ರದ್ದು. ಓಲೆಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ತಿಥಿ, ಯಾರ ಅಪ್ಪಣೆ ಎಂದೆಲ್ಲ ಬರೆಯುತ್ತಿದ್ದನಲ್ಲ, ಆ ಪ್ರಶಸ್ತಿಯನ್ನು ಮುಂದಿನ ಪ್ರತಿಯೊಳಕ್ಕೆ ಅಳಿಸಲಾಗದಂತೆ ನೇಯ್ದರೆ ಹೇಗೋ ಹಾಗೆ.

ಈಗ ನಮ್ಮ ಒಗಟಿಗೆ ಬರೋಣ.

ಲಕ್ಷಗಟ್ಟಲೆ ವಸ್ತುಗಳನ್ನು ಒಂದೇ ಫೋಲ್ಡರಿನಲ್ಲಿ ಸುರಿದರೆ ಹುಡುಕುವುದು ನಿಧಾನ. ಅದಕ್ಕೆ ಗಿಟ್ ಹ್ಯಾಶ್‌ನ ಮೊದಲ ಎರಡು ಅಂಕಿಗಳನ್ನು ಖಾನೆಯ ಹೆಸರು ಮಾಡಿಕೊಂಡು, ಉಳಿದ 38 ಅಂಕಿಯ ಹೆಸರಲ್ಲಿ ವಸ್ತುವನ್ನು ಆ ಖಾನೆಯಲ್ಲಿಡುತ್ತದೆ. 16 ಗುರುತು, ಎರಡು ಸ್ಥಾನ: 16 ಗುಣಿಸು 16, ಒಟ್ಟು 256 ಖಾನೆ. ಇವೆಲ್ಲ ಮೊದಲೇ ಇರುವುದಿಲ್ಲ. ಆ ಎರಡು ಅಂಕಿಯ ಮೊದಲ ವಸ್ತು ಬಂದಾಗ ಖಾನೆ ಹುಟ್ಟುತ್ತದೆ. ಯಾರು ಕಳಿಸಿದ ವಸ್ತುವಿನಿಂದ ಹುಟ್ಟಿತೋ ಖಾನೆಯ ಒಡೆತನ ಅವರ ಖಾತೆಯದ್ದು.

ನಾವು ಮಾಡಿದ್ದ ತಪ್ಪು ಇದು. ಭಂಡಾರ ತೆರೆದ ದಿನ ಅದರಲ್ಲಿದ್ದ ಎಲ್ಲ ಫೋಲ್ಡರುಗಳಿಗೂ 'ಗುಂಪಿನ ಎಲ್ಲರೂ ಬರೆಯಬಹುದು' ಎಂದು ಕೈಯಾರೆ ಅನುಮತಿ ಕೊಟ್ಟಿದ್ದೆವು. ಅದು ಅಂದು ಇದ್ದ ಖಾನೆಗಳಿಗೆ ಮಾತ್ರ ಸಲ್ಲುತ್ತಿತ್ತು. ಮರುದಿನದಿಂದ ಹುಟ್ಟಿದ ಪ್ರತಿ ಹೊಸ ಖಾನೆಗೂ ಅದನ್ನು ಹುಟ್ಟಿಸಿದವರ ಬೀಗ. ಮಾಷ್ಟ್ರ ಪುಟದ ಹ್ಯಾಶ್ ಯಾರೂ ಮುಟ್ಟದ ಖಾನೆಗೆ ಬಿದ್ದರೆ ಹೋಗುತ್ತಿತ್ತು. ಬೇರೆಯವರು ತೆರೆದ ಖಾನೆಗೆ ಬಿದ್ದರೆ, ವಸ್ತು ಸೇರಿಸಲು ಅನುಮತಿ ಸಾಲದು ಎಂಬ ಅರ್ಥದ ಇಂಗ್ಲಿಷ್ ಸಾಲು ಬರುತ್ತಿತ್ತು. ಅಲ್ಪವಿರಾಮ ಸೇರಿಸಿದಾಗ ಹ್ಯಾಶ್ ಪೂರ್ತಿ ಬದಲಾಗಿ ಪುಟ ಬೇರೆ ಖಾನೆಗೆ ಹೋಗುತ್ತಿತ್ತು. ಬಾಗಿಲು ತೆಗೆಯುತ್ತಿರಲಿಲ್ಲ, ಬೇರೆ ಬಾಗಿಲಿಗೆ ಹೋಗುತ್ತಿದ್ದೆವು.

ಲೆಕ್ಕ ಹಾಕಿ ನೋಡಿದರೆ ನಮ್ಮ ವಾರದ ಅನುಭವ ಹಾಗೆಯೇ ಮೂಡುತ್ತದೆ. ಹ್ಯಾಶ್ ವಸ್ತುಗಳನ್ನು 256 ಖಾನೆಗಳಿಗೂ ಸಮನಾಗಿ ಹರಡುತ್ತದೆ. ಬೇರೆಯವರು 16 ಖಾನೆ ತೆರೆದಿದ್ದಾರೆ ಎನ್ನಿ. ನನ್ನ ಒಂದು ವಸ್ತು ಅವುಗಳಲ್ಲಿ ಬೀಳದಿರುವ ಸಂಭವ 16ರಲ್ಲಿ 15. ಮೂರೂ ವಸ್ತು ಪಾರಾಗಬೇಕಾದರೆ ಅದನ್ನು ಮೂರು ಸಲ ಗುಣಿಸಬೇಕು. ಹಾಗೆ ನೋಡಿದರೆ 100ರಲ್ಲಿ ಸುಮಾರು 18 ಸಲ ಸೋಲು. ಅವರ ಖಾನೆಗಳು 64 ಆದಾಗ ಒಂದು ವಸ್ತು ಪಾರಾಗುವ ಸಂಭವ ನಾಲ್ಕರಲ್ಲಿ ಮೂರು, ಮೂರೂ ಪಾರಾಗುವುದು 64ರಲ್ಲಿ 27. ಅಂದರೆ ಅರ್ಧಕ್ಕಿಂತ ಹೆಚ್ಚು ಸಲ ಸೋಲು. ಮೊದಲೆರಡು ದಿನ ಎಲ್ಲ ಸರಿ ಇತ್ತು, ಕೆಲಸ ಹೆಚ್ಚಿದಷ್ಟೂ ತೊಂದರೆ ಹೆಚ್ಚಿತು. ಕರೆಂಟು, ನೆಟ್‌ವರ್ಕು, ಹಳೆಯ ಕಂಪ್ಯೂಟರು ಎಂದು ನಾವು ಶಂಕಿಸಿದ್ದೆಲ್ಲ ವ್ಯರ್ಥ. ಅದು ಶುದ್ಧ ಸಂಭವಗಣಿತ.

ಪರಿಹಾರ ಒಂದು ಸಾಲಿನದು. ಭಂಡಾರ ತೆರೆಯುವಾಗಲೇ 'ಶೇರ್ಡ್' ಎಂಬ ಆಯ್ಕೆಗೆ 'ಗ್ರೂಪ್' ಎಂದು ಕೊಟ್ಟರೆ, ಮುಂದೆ ಹುಟ್ಟುವ ಪ್ರತಿ ಖಾನೆಗೂ ಗುಂಪಿನ ಅನುಮತಿ ತಾನಾಗಿ ಬರುತ್ತದೆ. ಫೋಲ್ಡರಿನ ಮೇಲೆ ಒಂದು ವಿಶೇಷ ಗುರುತು ಬಿದ್ದು, ಒಳಗೆ ಹುಟ್ಟುವುದೆಲ್ಲ ಗುಂಪಿನ ಹೆಸರನ್ನೇ ಪಡೆಯುತ್ತದೆ. ಈ ಆಯ್ಕೆ ಗಿಟ್‌ನ ಕೈಪಿಡಿಯಲ್ಲಿ ಇದೆ. ನಾನೇ ಅದನ್ನು ಎರಡು ಸಲ ಓದಿದ್ದೆ. ಅಲ್ಲಿ ಬರೆದದ್ದರಲ್ಲಿ ಒಂದು ಮಾತೂ ತಪ್ಪಿಲ್ಲ. ಯಾವ ಬೆಲೆ ಕೊಟ್ಟರೆ ಯಾವ ಅನುಮತಿ ಬಿಟ್ ಬದಲಾಗುತ್ತದೆ ಎಂದು ಒಂದೊಂದಾಗಿ ಹೇಳಿದ್ದಾರೆ. ನಾಲ್ಕು ಜನ ಸೇರಿ ಕೆಲಸ ಮಾಡುವವರು ಇದನ್ನು ಕೊಡದಿದ್ದರೆ ಒಂದು ವಾರದ ನಂತರ ಏನಾಗುತ್ತದೆ ಎಂದು ಮಾತ್ರ ಇಲ್ಲ. ಕಷ್ಟದಲ್ಲಿರುವವನಿಗೆ ಬೇಕಾದದ್ದು ಅದೊಂದೇ. ಕೈಪಿಡಿ ಯಂತ್ರದ ಭಾಗಗಳ ಕ್ರಮದಲ್ಲಿ ಬರೆಯಲ್ಪಟ್ಟಿದೆ, ಓದುಗ ಬರುವುದು ತನ್ನ ತೊಂದರೆಯ ಕ್ರಮದಲ್ಲಿ. ಎರಡೂ ದಾರಿ ಸಂಧಿಸುವ ಜಾಗ ಹ್ಯಾಶ್ ಮತ್ತು ಖಾನೆ. ಅದು ಗೊತ್ತಿದ್ದವರಿಗೆ ಕೈಪಿಡಿ ತಿಳಿನೀರು, ಗೊತ್ತಿಲ್ಲದವರಿಗೆ ಕೆಸರು.

ಗಿಟ್ ಹುಟ್ಟಿದ ರೀತಿ ನೋಡಿದರೆ ಇದು ಯಾಕೆ ಹೀಗಾಯಿತೆಂದು ಅರ್ಥವಾಗುತ್ತದೆ. ಲಿನಕ್ಸ್ ಬರೆಯುವವರು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಸಾಧನ ಉಚಿತವಾಗಿ ಸಿಗುವುದು ನಿಂತಾಗ, ಲೀನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್ 3ರಂದು ಹೊಸದೊಂದನ್ನು ಬರೆಯಲು ಕೂತರು. ಏಪ್ರಿಲ್ 7ಕ್ಕೆ ಗಿಟ್ ತನ್ನದೇ ಕೋಡನ್ನು ತಾನು ಇಟ್ಟುಕೊಳ್ಳುವಷ್ಟಾಗಿತ್ತು. ಜುಲೈಯಿಂದ ಅದನ್ನು ನೋಡಿಕೊಳ್ಳುತ್ತಿರುವವರು ಜೂನಿಯೊ ಹಮಾನೊ. ಅದಕ್ಕೂ ಹಿಂದೆ 1972ರ ಎಸ್‌ಸಿಸಿಎಸ್, 1982ರ ಆರ್‌ಸಿಎಸ್ ಕಾಲದಲ್ಲಿ ತಿದ್ದಬೇಕಾದವರು ಕಡತಕ್ಕೆ ಬೀಗ ಹಾಕಿಕೊಂಡು ತಿದ್ದಬೇಕಿತ್ತು. ಪ್ರಸಂಗದ ಪುಸ್ತಕ ಒಬ್ಬ ಭಾಗವತರ ಮನೆಗೆ ಹೋದರೆ ವಾಪಸು ಬರುವವರೆಗೆ ಇನ್ನೊಬ್ಬರು ಕಾಯುವ ಹಾಗೆ. ಗಿಟ್‌ನಲ್ಲಿ ಪ್ರತಿಯೊಬ್ಬರ ಬಳಿಯೂ ಇಡೀ ಭಂಡಾರ, ಇಡೀ ಚರಿತ್ರೆ. ಲಿನಕ್ಸ್‌ನ ಒಳಹೊರಗು ಬಲ್ಲವರು ತಮ್ಮ ಅವಸರಕ್ಕೆ ಮಾಡಿಕೊಂಡ ಸಾಧನ ಅದು. ಮೊದಲ ವಿವರಣೆಯಲ್ಲಿ ಟೊರ್ವಾಲ್ಡ್ಸ್ 'ಕ್ಯಾಶ್' ಎಂದು ಕರೆದ ಭಾಗಕ್ಕೆ ಆಮೇಲೆ 'ಇಂಡೆಕ್ಸ್' ಎಂಬ ಹೆಸರು ಬಂತು, ಇನ್ನೂ ಆಮೇಲೆ 'ಸ್ಟೇಜಿಂಗ್ ಏರಿಯಾ'. ಹಳೆಯ ಹೆಸರುಗಳು ಹೋಗಲಿಲ್ಲ. ಒಂದು ಆಜ್ಞೆಯಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಉಳಿದಿವೆ. ಕೆಲವೆಡೆ ಎರಡಕ್ಕೂ ಒಂದೇ ಅರ್ಥ, ಕೆಲವೆಡೆ ಬೇರೆ ಬೇರೆ. ಅಮೆರಿಕದ ಎಂಐಟಿಯ ಸಾಂಟಿಯಾಗೊ ಪೆರೆಜ್ ಡಿ ರೊಸೊ ಮತ್ತು ಡೇನಿಯಲ್ ಜ್ಯಾಕ್ಸನ್ 2013ರಲ್ಲಿ ಗಿಟ್‌ನ ತೊಡಕುಗಳನ್ನೇ ವಿಷಯವಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಹೆಸರುಗಳ ಹಿಂದಿನ ಪರಿಕಲ್ಪನೆಗಳೇ ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ಅವರು ಬಿಡಿಸಿ ತೋರಿಸಿದ್ದಾರೆ. ಕಲಿಯುವಾಗ ತಲೆಕೆಟ್ಟವರು ತಮ್ಮ ಬುದ್ಧಿಯನ್ನು ಅನುಮಾನಿಸಬೇಕಾಗಿಲ್ಲ.

'ಬೇರ್' ಎಂಬ ಇನ್ನೊಂದು ಪದದ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ನಾವು ಎಲ್ಲಕ್ಕಿಂತ ಮೊದಲು ಎಡವಿದ್ದು ಅಲ್ಲಿ. ಸಾಮಾನ್ಯ ಭಂಡಾರದಲ್ಲಿ ಎರಡು ಪಾಲು: ಒಳಗಿನ 256 ಖಾನೆ, ಹೊರಗೆ ತೆರೆದು ತಿದ್ದಲು ಹರಡಿಟ್ಟ ಕಡತಗಳು. ಯಾರೋ ತಿದ್ದುತ್ತ ಕೂತ ಮೇಜಿನ ಮೇಲೆ ಇನ್ನೊಬ್ಬರು ದೂರದಿಂದ ಹೊಸ ಪುಟ ತಂದು ಹಾಕಿದರೆ ಗೊಂದಲ. ಆದ್ದರಿಂದ 2010ರಿಂದೀಚೆಗೆ ಗಿಟ್ ಅಂಥ ಕಡೆಗೆ ಕಳಿಸಿದ್ದನ್ನು ನಿರಾಕರಿಸುತ್ತದೆ. ಎಲ್ಲರಿಗೂ ಸೇರಿದ ಭಂಡಾರಕ್ಕೆ ಮೇಜೇ ಇರಬಾರದು, ಖಾನೆಗಳು ಮಾತ್ರ ಇರಬೇಕು. ಅಂಥದ್ದೇ ಬೇರ್ ಭಂಡಾರ. ಅಲ್ಲಿ ಕೂತು ಯಾರೂ ಬರೆಯುವುದಿಲ್ಲ, ಮನೆಯಲ್ಲಿ ಬರೆದು ಅಲ್ಲಿಗೆ ಒಪ್ಪಿಸುತ್ತಾರೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೆರಡು ತೊಡಕು ಕಾದಿರುತ್ತವೆ. ಇವನ್ನು ನಾನು ಬೇರೆಲ್ಲಿಯೂ ಕನ್ನಡದಲ್ಲಿ ಓದದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಒಂದು ಕಡತದ ಹೆಸರು 'ಗುರುವಾಯನಕೆರೆ'. ಆ ಊರಿನ ಪುಸ್ತಕ ಎಂದು ಹಾಗೆ ಹೆಸರಿಟ್ಟಿದ್ದೆವು. ಭಂಡಾರದ ಸ್ಥಿತಿ ಹೇಳು ಎಂದು ಗಿಟ್‌ಗೆ ಕೇಳಿದರೆ ಆ ಹೆಸರಿನ ಬದಲು 340, 262, 227, 340, 263, 201 ಎಂದು ಸಾಲಾಗಿ ಸಂಖ್ಯೆಗಳು. ಎಣಿಸಿದರೆ 36. ಕಡತ ಕೆಟ್ಟಿತೆಂದು ನಮ್ಮ ಅಕ್ಕ ಒಬ್ಬರು ಗಾಬರಿಯಾಗಿ ಫೋನ್ ಮಾಡಿದರು. ಏನೂ ಕೆಟ್ಟಿರಲಿಲ್ಲ. ಗುರುವಾಯನಕೆರೆ ನಮ್ಮ ಕಿವಿಗೆ ಏಳು ಅಕ್ಷರ. ಯೂನಿಕೋಡ್‌ನಲ್ಲಿ ಕಾಗುಣಿತದ ಕೊಂಬು, ದೀರ್ಘ, ಎತ್ವ ಬೇರೆ ಬೇರೆ ಸಂಕೇತ, ಹಾಗಾಗಿ ಅದು 12. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಒಟ್ಟು 36. ಗಿಟ್ ಆ ಬೈಟ್‌ಗಳನ್ನು ಎಂಟರ ಮಾನದ ಅಂಕಿಗಳಲ್ಲಿ ಬರೆದು ತೋರಿಸುತ್ತದೆ. ಮೊದಲ ಮೂರು 'ಗ', ನಂತರದ ಮೂರು ಕೊಂಬು. ಕೈಪಿಡಿ ಇಂಥ ಬೈಟ್‌ಗಳನ್ನು 'ಅಸಾಮಾನ್ಯ' ಎಂಬ ಅರ್ಥದ ಪದದಿಂದ ಕರೆಯುತ್ತದೆ. ಕೋಟ್‌ಪಾತ್ ಎಂಬ ಆಯ್ಕೆಯನ್ನು 'ಫಾಲ್ಸ್' ಮಾಡಿದರೆ ಹೆಸರು ಕನ್ನಡದಲ್ಲೇ ಕಾಣುತ್ತದೆ. ಕೋಟ್ಯಂತರ ಜನ ದಿನವೂ ಬರೆಯುವ ಅಕ್ಷರ ಅಸಾಮಾನ್ಯವಾಗಬಾರದಿತ್ತು. ಮೊದಲಿನಿಂದಲೇ ಆ ಆಯ್ಕೆ 'ಫಾಲ್ಸ್' ಆಗಿಯೇ ಇರಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೆಯದು ಕಣ್ಣಿಗೆ ಕಾಣದ್ದು. 'ಕೊ' ಎಂದು ಬರೆಯಲು ಯೂನಿಕೋಡ್‌ನಲ್ಲಿ ಎರಡು ದಾರಿ. 'ಕ' ಮತ್ತು ಒತ್ವದ ಒಂದೇ ಸಂಕೇತ ಸೇರಿ 6 ಬೈಟ್. ಅಥವಾ 'ಕ', ಎತ್ವ, ಅದರ ಮುಂದೆ ಊಕಾರದ ಕೊಂಬು, ಒಟ್ಟು 9 ಬೈಟ್. ಪರದೆಯ ಮೇಲೆ ಎರಡೂ ಒಂದೇ. ಮನುಷ್ಯನಿಗೆ ಒಂದೇ ಅಕ್ಷರ, ಹ್ಯಾಶ್‌ಗೆ ಎರಡು ಬೇರೆ ಪಠ್ಯ. ಒಬ್ಬರ ಕೀಲಿಮಣೆ ಒಂದು ದಾರಿ ಹಿಡಿದು, ಇನ್ನೊಬ್ಬರ ಪರಿವರ್ತಕ ಇನ್ನೊಂದು ದಾರಿ ಹಿಡಿದರೆ, ಇಡೀ ಪದ್ಯ ಬದಲಾಗಿದೆ ಎಂದು ಗಿಟ್ ಹೇಳುತ್ತದೆ, ನಮಗೆ ಒಂದು ಚುಕ್ಕೆಯ ವ್ಯತ್ಯಾಸವೂ ಕಾಣುವುದಿಲ್ಲ. ಯೂನಿಕೋಡ್ ಇಂಥ ಜೋಡಿಗಳನ್ನು ಸಮಾನವೆಂದೇ ಸಾರಿದೆ, ಒಂದು ರೂಪಕ್ಕೆ ತರುವ ನಿಯಮವನ್ನೂ ಕೊಟ್ಟಿದೆ. ಕಮಿಟ್‌ಗೆ ಮೊದಲು ಪಠ್ಯವನ್ನು ಆ ನಿಯಮದ ಮೂಲಕ ಹಾಯಿಸುವ ಚಿಕ್ಕ ತಂತ್ರಾಂಶವನ್ನು ನಮ್ಮ ಗುಂಪಿನ ಇಂಜಿನಿಯರಿಂಗ್ ಓದುವ ಹುಡುಗ ಬರೆದ. ಆಮೇಲೆ ಆ ತೊಂದರೆ ಮರುಕಳಿಸಲಿಲ್ಲ.

ನಿಜವಾದ ವ್ಯತ್ಯಾಸಗಳು ಬೇರೆ. ಒಂದೇ ಪದಕ್ಕೆ ಮಾಷ್ಟ್ರ ಪುಸ್ತಕದಲ್ಲಿ ಸಾವೇರಿ, ತ್ರಿವುಡೆ. ಅಕ್ಕನ ಮನೆಯ ಪುಸ್ತಕದಲ್ಲಿ ಘಂಟಾರವ, ಅಷ್ಟ. ಇಬ್ಬರೂ ಒಂದೇ ಸಾಲನ್ನು ಬರೆದು ಕಳಿಸಿದಾಗ ಗಿಟ್ ಎರಡನ್ನೂ ಒಂದರ ಕೆಳಗೊಂದು ಇಟ್ಟು, ನಡುವೆ ಗೆರೆ ಹಾಕಿ ನಿಂತುಬಿಟ್ಟಿತು. ಇದಕ್ಕೆ ಸಂಘರ್ಷ ಎಂದು ಹೆಸರು. ಹೀಗೆ ನಿಲ್ಲುವುದೇ ಅದರ ದೊಡ್ಡ ಗುಣ ಎನ್ನುವವನು ನಾನು. ಯಾವುದು ಸರಿಯೆಂದು ಅದು ಊಹಿಸಲಿಲ್ಲ, ಕೊನೆಗೆ ಕಳಿಸಿದವರದ್ದು ಮೊದಲಿನವರದ್ದನ್ನು ನುಂಗಲಿಲ್ಲ. ನಾವು ಎರಡನ್ನೂ ಇಟ್ಟು, ಯಾವುದು ಯಾವ ಪುಸ್ತಕದ್ದು ಎಂದು ಪಕ್ಕದಲ್ಲಿ ಬರೆದೆವು.

ಮಳೆಗಾಲದ ಕೊನೆಗೆ ನಮ್ಮದೇ ಒಂದು ಕೈಪಿಡಿ ಬರೆದೆವು, ಒಂದೇ ಹಾಳೆಯ ಎರಡು ಮಗ್ಗುಲು. ಬರೆಯುವಾಗ ನನ್ನ ಮುಂದಿದ್ದ ಮಾದರಿ ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ, ಕಾರ್ಕಳದ ಭಂಡಾರಗಳ ಓಲೆಗಳಿಗೆ ಮಾಡಿದ ಸೂಚಿ. 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠ ಅದನ್ನು ಪ್ರಕಟಿಸಿತು. ಗ್ರಂಥದ ಹೆಸರು, ಕರ್ತೃ, ಎಷ್ಟು ಗರಿ, ಗರಿಗೆ ಎಷ್ಟು ಸಾಲು, ಸಾಲಿಗೆ ಎಷ್ಟು ಅಕ್ಷರ. ಹುಡುಕಿಕೊಂಡು ಬಂದವರು ಏನು ಕೇಳುತ್ತಾರೋ ಅದೇ ಕ್ರಮ. ನಮ್ಮ ಹಾಳೆಯೂ ತೊಂದರೆಯಿಂದ ಶುರುವಾಗುತ್ತದೆ. 'ಕಳಿಸಿದ್ದು ಹೋಗುತ್ತಿಲ್ಲ' ಎಂಬುದು ಮೊದಲ ಸಾಲು. 'ಹೆಸರಿನ ಬದಲು ಸಂಖ್ಯೆ ಕಾಣುತ್ತಿದೆ' ಎರಡನೆಯದು. 'ಏನೂ ತಿದ್ದದಿದ್ದರೂ ತಿದ್ದಿದೆ ಎನ್ನುತ್ತಿದೆ' ಮೂರನೆಯದು. ಪ್ರತಿಯೊಂದರ ಕೆಳಗೆ ಯಾಕೆ ಎಂದು ಎರಡು ಸಾಲು, ಏನು ಮಾಡಬೇಕೆಂದು ಒಂದು ಸಾಲು. ಕಮಿಟ್‌ನ ಚೀಟಿಯಲ್ಲಿ ಏನು ಬರೆಯಬೇಕು ಎಂಬುದಕ್ಕೆ ಮಾಷ್ಟ್ರು ತಾವೇ ಒಂದು ನಿಯಮ ಸೇರಿಸಿದರು: ಯಾರ ಮನೆಯ ಪುಸ್ತಕ, ಎಷ್ಟನೆಯ ಪುಟ, ಓದಲಾಗದ್ದು ಎಲ್ಲಿ.

ಅವರು ಆ ವಾರ ಬರೆದ ಚೀಟಿಯೊಂದು ಹೀಗಿದೆ: "ಪುಟ 41, ಮೂರನೆಯ ಪದ. ಎರಡನೆಯ ಸಾಲಿನ ಕೊನೆಯ ಎರಡು ಅಕ್ಷರ ಹುಳ ತಿಂದಿದೆ. ಅಂದಾಜಿನಿಂದ ತುಂಬಿಸಿಲ್ಲ, ಚುಕ್ಕೆ ಇಟ್ಟಿದ್ದೇನೆ." ಹನ್ನೊಂದು ದಿನದ ನಂತರ ಅದರ ಮೇಲೆ ಅಕ್ಕನ ಚೀಟಿ: "ಚಿಕ್ಕಮ್ಮನ ಮನೆಯ ಪುಸ್ತಕದಲ್ಲಿ ಈ ಸಾಲು ಪೂರ್ತಿ ಇದೆ. ಅಕ್ಷರ ಎರಡಲ್ಲ, ಮೂರು."